ಮೊದಲು ನೋಡುವವರು



ಅಪಘಾತದ ಸುದ್ದಿಯ ಪಕ್ಕದಲ್ಲಿ ಅಂಚೆಚೀಟಿಯಷ್ಟಗಲದ ಒಂದು ಫೋಟೊ ಅಚ್ಚಾಗಿರುತ್ತದೆ. ಕೆಳಗೆ ಹೆಸರು, ಆವರಣದಲ್ಲಿ ವಯಸ್ಸು. ಓದುವ ನಾವು ಒಮ್ಮೆ ನೋಡಿ, 'ಅಯ್ಯೋ ಪಾಪ' ಅಂದು, ಪುಟ ತಿರುವುತ್ತೇವೆ. ಆ ಫೋಟೊ ಅಲ್ಲಿಗೆ ಹೇಗೆ ಬಂತೆಂದು ಯೋಚಿಸುವ ಪ್ರಮೇಯ ನಮಗೆ ಬರುವುದಿಲ್ಲ. ಅದನ್ನು ತರಲು ಯಾರೋ ಒಬ್ಬ ವರದಿಗಾರ ಆ ಮನೆಗೆ ಹೋಗಿರುತ್ತಾನೆ. ಹೆಣ ಇನ್ನೂ ಶವಾಗಾರದಲ್ಲಿದೆ. ಮನೆ ಮುಂದೆ ಶಾಮಿಯಾನ ಏಳುತ್ತಿದೆ. ಒಳಗಿಂದ ಅಳು ಕೇಳುತ್ತಿದೆ. ಯಾರನ್ನು ಕೇಳುವುದು? ಬಂದವರಿಗೆ ಕುರ್ಚಿ ಹಾಕಿಸುತ್ತಾ ಓಡಾಡುತ್ತಿರುವ ಚಿಕ್ಕಪ್ಪನನ್ನೋ ಭಾವಮೈದುನನನ್ನೋ ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, 'ಒಂದು ಫೋಟೊ ಇದ್ರೆ ಕೊಡಿ ಸರ್' ಅನ್ನುತ್ತಾನೆ. ಆಮೇಲೆ ಬೀದಿ ತುದಿಗೆ ಬಂದು ಕಚೇರಿಗೆ ಫೋನ್ ಮಾಡುತ್ತಾನೆ.

'ಸರ್, ಫೋಟೊ ಸಿಕ್ತು. ಆದ್ರೆ ಮದುವೇದು. ಇಬ್ರೂ ಇದಾರೆ.'

'ಪರ್ವಾಗಿಲ್ಲ ಕಳ್ಸಪ್ಪ, ಕ್ರಾಪ್ ಮಾಡ್ಕೋತೀವಿ. ಇನಿಷಿಯಲ್ ಸರಿಯಾಗಿ ಕೇಳ್ಕೊ.'

ಡೆಸ್ಕಿನಲ್ಲಿ ಪುಟ ಕಟ್ಟುವವರು ಆ ಮದುವೆಯ ಫೋಟೊದಿಂದ ಗಂಡನ ಮುಖವನ್ನಷ್ಟೇ ಕತ್ತರಿಸುತ್ತಾರೆ. ಒಮ್ಮೊಮ್ಮೆ ಅವನ ಭುಜದ ಮೇಲೆ ಹೆಂಡತಿಯ ಬೆರಳುಗಳು ಉಳಿದುಬಿಡುತ್ತವೆ. ಅವನ್ನೂ ಅಳಿಸಬೇಕು. ಪುಟ ಪ್ರೆಸ್ಸಿಗೆ ಹೋಗುವ ಹೊತ್ತಾಗಿರುತ್ತದೆ, ಅಳಿಸುತ್ತಾರೆ.

ಬಹುಕಾಲ ಡೆಸ್ಕಿನಲ್ಲಿ ಕೂತು ಇಂಥ ಪುಟಗಳನ್ನು ಕಟ್ಟಿದವನು ನಾನು. ಈ ಹೊತ್ತು ಮಾತಾಡಬೇಕೆಂದಿರುವುದು ಆ ಫೋಟೊ ಕೇಳುವವರ ಬಗ್ಗೆ, ಆ ಬೆರಳು ಅಳಿಸುವವರ ಬಗ್ಗೆ. ದುರಂತವನ್ನು ನಮಗಿಂತ ಮೊದಲು ನೋಡಿ, ನಾವು ತಡೆದುಕೊಳ್ಳುವಷ್ಟಕ್ಕೆ ಇಳಿಸಿ ಕೊಡುವುದು ಇವರ ಕಸುಬು. ಇಳಿಸಿದ ಮೇಲೆ ಉಳಿದ ಭಾಗ ಎಲ್ಲಿ ಹೋಗುತ್ತದೆ?

ಮನೆ ಕಳೆದುಕೊಂಡವರ, ಮಕ್ಕಳನ್ನು ಕಳೆದುಕೊಂಡವರ ದುಃಖದ ಮುಂದೆ ವರದಿಗಾರನ ದುಃಖ ಯಾವ ಲೆಕ್ಕ ಎಂದು ನೀವು ಕೇಳಬಹುದು. ವರದಿಗಾರರೂ ಹಾಗೆಯೇ ಅಂದುಕೊಳ್ಳುತ್ತಾರೆ, ಅದಕ್ಕೇ ಬಾಯಿ ಬಿಡುವುದಿಲ್ಲ. ಈ ಕಸುಬಿನಲ್ಲಿ ಹೊಸಬರಿಗೆ ಸಿಗುವ ತರಬೇತಿಯೆಲ್ಲ ಒಂದೇ ಮಾತಿನಲ್ಲಿ ಮುಗಿಯುತ್ತದೆ: 'ಮನಸ್ಸು ಗಟ್ಟಿ ಮಾಡ್ಕೊ.' ಹೇಗೆ ಗಟ್ಟಿ ಮಾಡಿಕೊಳ್ಳಬೇಕೆಂದು ಹೇಳುವವರಿಲ್ಲ. ಶವಾಗಾರದ ಬಾಗಿಲಲ್ಲಿ ತಲೆ ಸುತ್ತಿ ಕೂತ ಹುಡುಗನನ್ನು ಹಿರಿಯರು ಪ್ರೀತಿಯಿಂದಲೇ ಗೇಲಿ ಮಾಡುತ್ತಾರೆ. ಮುಂದಿನ ಸಲ ಅವನು ಕೂರುವುದಿಲ್ಲ. ಅವನು ಗಟ್ಟಿಯಾದನೆಂದು ಎಲ್ಲರೂ ತಿಳಿಯುತ್ತಾರೆ. ಅವನು ಕಲಿತದ್ದು ತೋರಗೊಡದಿರುವುದನ್ನು, ಅಷ್ಟೇ.

ಇದರ ಬಗ್ಗೆ ವೈದ್ಯರು ಏನನ್ನುತ್ತಾರೆ? ಆಘಾತದ ನಂತರ ಮನಸ್ಸಿಗೆ ಹತ್ತುವ ಕಾಯಿಲೆಗೆ, ಪಿಟಿಎಸ್‌ಡಿ ಎಂದು ಈಗ ಎಲ್ಲರೂ ಕರೆಯುವುದಕ್ಕೆ, ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಜಾಗ ಸಿಕ್ಕಿದ್ದು 1980ರಲ್ಲಿ. ಅಲ್ಲಿಂದ ಮುಂದೆ ಸೈನಿಕರ ಬಗ್ಗೆ, ಪೊಲೀಸರ ಬಗ್ಗೆ ಅಧ್ಯಯನಗಳಾದವು. ಯುದ್ಧಭೂಮಿಯಲ್ಲಿ ಸೈನಿಕರ ಪಕ್ಕದಲ್ಲೇ ನಿಂತಿರುತ್ತಿದ್ದ ಪತ್ರಕರ್ತರನ್ನು ಕೇಳಿದವರಿರಲಿಲ್ಲ. ಕೆನಡಾದ ಟೊರಾಂಟೊದ ಮನೋವೈದ್ಯ ಆಂಥನಿ ಫೈನ್‌ಸ್ಟೈನ್ ಕೇಳಿದರು. 140 ಯುದ್ಧ ವರದಿಗಾರರನ್ನು, ಯುದ್ಧ ನೋಡದ 107 ಪತ್ರಕರ್ತರ ಜೊತೆ ಹೋಲಿಸಿ ಅವರು 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯುದ್ಧ ವರದಿಗಾರರಲ್ಲಿ ನೂರಕ್ಕೆ 28ಕ್ಕೂ ಹೆಚ್ಚು ಮಂದಿಗೆ ಬದುಕಿನಲ್ಲಿ ಒಮ್ಮೆಯಾದರೂ ಈ ಕಾಯಿಲೆ ಬಂದಿತ್ತು. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಅದೇ ಅಧ್ಯಯನದ ಇನ್ನೊಂದು ಮಾತು: ಇಷ್ಟು ನರಳಿದ್ದರೂ ಅವರು ಉಳಿದ ಪತ್ರಕರ್ತರಿಗಿಂತ ಹೆಚ್ಚಾಗಿ ವೈದ್ಯರ ಹತ್ತಿರ ಹೋಗಿರಲಿಲ್ಲ.

ಹೆಚ್ಚಿನವರು ನೆಟ್ಟಗೇ ಇದ್ದರೆಂಬುದನ್ನೂ ಇದೇ ಅಂಕಿ ಹೇಳುತ್ತದೆ. ಅದನ್ನು ಮರೆಯಬಾರದು. ದುರಂತ ನೋಡಿದವರೆಲ್ಲ ರೋಗಿಗಳಾಗುವುದಿಲ್ಲ. ಕೆಲವು ದಿನ ನಿದ್ದೆ ಕೆಡುತ್ತದೆ, ಊಟ ಸೇರುವುದಿಲ್ಲ, ಆಮೇಲೆ ಸರಿಹೋಗುತ್ತದೆ. ತಿಂಗಳಾದರೂ ಸರಿಹೋಗದವರ ಮಾತು ಬೇರೆ. ಆಸ್ಪತ್ರೆಯಲ್ಲಿ ಫಿನಾಯಿಲ್ ವಾಸನೆ ಬಂದರೆ ಸಾಕು, ಕೈ ನಡುಗುತ್ತದೆ. ಶಾಲಾ ಮಕ್ಕಳ ವ್ಯಾನ್ ಅಪಘಾತದ ವರದಿ ಮಾಡಿ ಬಂದವರು ಎಷ್ಟೋ ದಿನ ತಮ್ಮ ಮಗುವನ್ನು ವ್ಯಾನ್ ಹತ್ತಿಸುವುದೇ ಇಲ್ಲ. ಮನೆಯಲ್ಲಿ ಮಾತೆತ್ತಿದರೆ ಸಿಡುಕು. ಹೆಂಡತಿ ಅದನ್ನು ಬಾಸ್ ಕಿರಿಕಿರಿ ಅಂದುಕೊಳ್ಳುತ್ತಾಳೆ, ಬಾಸ್ ಅದನ್ನು ಮನೆ ಜಗಳ ಅಂದುಕೊಳ್ಳುತ್ತಾನೆ.

ಯುದ್ಧದ ಲೆಕ್ಕ ನಮಗೇಕೆ ಅನ್ನಬೇಡಿ. ನಮ್ಮ ಜಿಲ್ಲಾ ವರದಿಗಾರರು ನೋಡಿರುವುದೇನು ಕಡಿಮೆಯಲ್ಲ. 2010ರ ಮೇ 22, ಶನಿವಾರ. ಬೆಳಿಗ್ಗೆ ಆರರ ಸುಮಾರಿಗೆ ದುಬೈನಿಂದ ಬಂದ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಉರುಳಿತು. 166 ಮಂದಿಯಲ್ಲಿ ಉಳಿದವರು 8, ಸತ್ತವರು 158. ಅಲ್ಲಿಗೆ ಓಡಿದ ಮಂಗಳೂರಿನ ವರದಿಗಾರರು, ಛಾಯಾಗ್ರಾಹಕರು ಆ ಇಡೀ ದಿನವನ್ನು ಕಣಿವೆಗೂ ಆಸ್ಪತ್ರೆಗಳಿಗೂ ನಡುವೆ ಕಳೆದರು. ಸುಟ್ಟ ದೇಹಗಳನ್ನು ಗುರುತಿಸಲಾಗದೆ ಡಿಎನ್‌ಎ ಪರೀಕ್ಷೆಗೆ ಕಾಯುತ್ತಾ ಕೂತ ಮನೆಯವರ ಜೊತೆ ಇವರೂ ಕಾದರು. ಪ್ರಯಾಣಿಕರಲ್ಲಿ ಬಹಳ ಮಂದಿ ಕರಾವಳಿಯವರು, ನೆರೆಯ ಕಾಸರಗೋಡಿನವರು. ಪಟ್ಟಿಯಲ್ಲಿ ತಮ್ಮೂರ ಹೆಸರು, ತಮ್ಮ ಬೀದಿಯ ಹೆಸರು ಬರಬಹುದೆಂದು ಹುಡುಕುತ್ತಲೇ ಆ ಪಟ್ಟಿಯನ್ನು ಪತ್ರಿಕೆಗೆ ಬರೆದು ಕಳಿಸಬೇಕಾದ ಕೆಲಸ ಅದು.

ಊರಿನ ವರದಿಗಾರನಿಗೂ ರಾಜಧಾನಿಯಿಂದ ಬಂದ ವರದಿಗಾರನಿಗೂ ಇರುವ ವ್ಯತ್ಯಾಸ ಇದು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜಾರಿದಾಗ, ದೂರದೂರುಗಳಿಂದ ಟಿವಿಯವರ ಒಬಿ ವ್ಯಾನ್‌ಗಳು ಬಂದು ಸಾಲಾಗಿ ನಿಂತವು. ಲೈವ್ ಮುಗಿದ ಮೇಲೆ ಒಂದೊಂದಾಗಿ ಹೊರಟುಹೋದವು. ಸ್ಥಳೀಯ ವರದಿಗಾರ ಎಲ್ಲಿಗೆ ಹೋಗಬೇಕು? ಶಿರೂರಿನಲ್ಲಿ ಗಂಗಾವಳಿ ನದಿಯೊಳಗೆ ಬಿದ್ದ ಲಾರಿಯ ಹುಡುಕಾಟ ಸೆಪ್ಟೆಂಬರ್‌ವರೆಗೂ ನಡೆಯಿತು. ಅಷ್ಟು ಕಾಲವೂ 'ಇವತ್ತು ಏನಾದ್ರೂ ಸಿಕ್ತಾ?' ಎಂದು ಕಾಯುವವರನ್ನು ಕೇಳುವುದು, ಡೆಸ್ಕಿನಿಂದ ಅದೇ ಪ್ರಶ್ನೆ ತನಗೆ ಬರುವುದು. ಸತ್ತವರ ಮನೆಯವರು ಅವನಿಗೆ ಸಂತೆಯಲ್ಲಿ ಸಿಗುತ್ತಾರೆ, ಬಸ್‌ಸ್ಟ್ಯಾಂಡಿನಲ್ಲಿ ಸಿಗುತ್ತಾರೆ. ವರ್ಷ ತುಂಬಿದಾಗ 'ದುರಂತಕ್ಕೆ ಒಂದು ವರ್ಷ' ಎಂಬ ಫಾಲೋಅಪ್‌ಗಾಗಿ ಅವನೇ ಮತ್ತೆ ಅವರ ಬಾಗಿಲು ತಟ್ಟಬೇಕು. ಇಂಥವರಲ್ಲಿ ಬಹುಪಾಲು ಅರೆಕಾಲಿಕರು. ಸುದ್ದಿಗಿಷ್ಟು ಎಂದು ಗೌರವಧನ. ರಜೆಯೂ ಇಲ್ಲ, ವಿಮೆಯೂ ಇಲ್ಲ.

ಕೊರೊನಾ ಕಾಲದ 2021ರ ಏಪ್ರಿಲ್, ಮೇ ನಿಮಗೂ ನೆನಪಿರಬೇಕು. ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸ್ ಸಾಲು. ಸಾಲದೆಂದು ತಾವರೆಕೆರೆ, ಗಿಡ್ಡೇನಹಳ್ಳಿಗಳಲ್ಲಿ ಬಯಲಲ್ಲೇ ಚಿತೆ ಹಚ್ಚಿದರು. ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕಕ್ಕಾಗಿ ಪರದಾಟ. ಬೆಳಗಾಗುವಷ್ಟರಲ್ಲಿ 24 ಮಂದಿ ಸತ್ತರೆಂಬ ಸುದ್ದಿ. ಆ ದಿನಗಳಲ್ಲಿ ವರದಿಗಾರರ ಫೋನು ರಾತ್ರಿಯಿಡೀ ಬಡಿದುಕೊಳ್ಳುತ್ತಿತ್ತು. ಕರೆ ಮಾಡುತ್ತಿದ್ದವರಿಗೆ ಬೇಕಾಗಿದ್ದದ್ದು ಹಾಸಿಗೆ, ಸಿಲಿಂಡರ್. ಪೇಪರಿನವರಿಗೆ ದೊಡ್ಡವರ ಪರಿಚಯ ಇರುತ್ತದೆ, ಹೇಗಾದರೂ ಕೊಡಿಸುತ್ತಾರೆ ಎಂಬ ನಂಬಿಕೆ. ಹತ್ತು ಕಡೆ ಕೇಳಿ, ಸಿಗದೆ, ಬೆಳಿಗ್ಗೆ ಅದೇ ನಂಬರಿಗೆ ತಿರುಗಿ ಫೋನ್ ಮಾಡಿದರೆ ಆ ಕಡೆಯಿಂದ 'ಹೋಗ್ಬಿಟ್ರು ಸರ್' ಎಂಬ ಉತ್ತರ. ಕಂಡ ಹೆಣಕ್ಕಿಂತ ಈ ಕೈಲಾಗದಿದ್ದ ಸಂಕಟ ಹೆಚ್ಚು ಕಾಲ ಕಾಡಿತು ಎಂದವರನ್ನು ನಾನು ಬಲ್ಲೆ. ಆ ಮೇ ತಿಂಗಳಲ್ಲೇ ರಾಜ್ಯ ಸರ್ಕಾರ ಪತ್ರಕರ್ತರನ್ನು ಮುಂಚೂಣಿ ಕಾರ್ಯಕರ್ತರೆಂದು ಪರಿಗಣಿಸಿ ಲಸಿಕೆಯಲ್ಲಿ ಆದ್ಯತೆ ಕೊಟ್ಟಿತು. ಒಳ್ಳೆಯದಾಯಿತು. ಮೈಗೆ ಲಸಿಕೆ ಸಿಕ್ಕಿತು, ಮನಸ್ಸಿನ ಸುದ್ದಿಗೆ ಯಾರೂ ಹೋಗಲಿಲ್ಲ.

ಸ್ಥಳಕ್ಕೆ ಹೋದವರ ಮಾತಾಯಿತು. ಹೋಗದವರದ್ದು? ಟಿವಿಯಲ್ಲಿ ಶವದ ಮೇಲೆ ಮಸುಕು ಚೌಕ ಬರುತ್ತದಲ್ಲ, ಅದನ್ನು ಹಾಕುವುದು ಎಸಿ ಕೋಣೆಯಲ್ಲಿ ಕೂತ ವಿಡಿಯೊ ಎಡಿಟರ್. ನಾವು ನೋಡಬಾರದ್ದನ್ನು ಮುಚ್ಚಬೇಕಾದರೆ ಅವರು ಅದನ್ನು ಮುಚ್ಚದೆ ನೋಡಬೇಕು. ದೇಹ ಅಲುಗಿದರೆ ಮಸುಕೂ ಅದರ ಜೊತೆ ಅಲುಗಬೇಕು, ಹಾಗಾಗಿ ಫ್ರೇಮ್ ಫ್ರೇಮ್ ಆಗಿ ನೋಡಬೇಕು. ಯಾರದೋ ಮೊಬೈಲಿನಲ್ಲಿ ತೆಗೆದ ಹಲ್ಲೆಯ ವಿಡಿಯೊ ಅಸಲಿಯೋ ನಕಲಿಯೋ ತಿಳಿಯಲು ಅಂಗಡಿ ಬೋರ್ಡು, ವಾಹನದ ನಂಬರು, ಹಿನ್ನೆಲೆಯ ದನಿ ಎಲ್ಲವನ್ನೂ ಹಿಂದೆ ಮುಂದೆ ಓಡಿಸಿ ನೋಡಬೇಕು, ಕೇಳಬೇಕು. ಫೈನ್‌ಸ್ಟೈನ್ ತಂಡ ಇಂಥ ಕೆಲಸ ಮಾಡುವ 116 ಪತ್ರಕರ್ತರನ್ನು ಪರೀಕ್ಷಿಸಿ 2014ರಲ್ಲಿ ಅಧ್ಯಯನ ಪ್ರಕಟಿಸಿತು. ಎಷ್ಟು ಹೊತ್ತು ನೋಡಿದರು ಎಂಬುದಕ್ಕಿಂತ ಎಷ್ಟು ಸಲ ನೋಡಬೇಕಾಯಿತು ಎಂಬುದೇ ಹೆಚ್ಚು ಘಾಸಿ ಮಾಡಿತ್ತು. ಅದಕ್ಕೂ ಒಂದು ವರ್ಷ ಮೊದಲು, 2013ರಲ್ಲಿ ಪರಿಷ್ಕಾರಗೊಂಡ ಅಮೆರಿಕದ ಆ ಕೈಪಿಡಿ ಈ ವಿಷಯದಲ್ಲಿ ಒಂದು ಗೆರೆ ಎಳೆದಿತ್ತು: ಟಿವಿಯಲ್ಲಿ, ಚಿತ್ರದಲ್ಲಿ ಭೀಕರ ದೃಶ್ಯ ನೋಡಿದ್ದನ್ನು ಪಿಟಿಎಸ್‌ಡಿಯ ಕಾರಣವೆಂದು ಪರಿಗಣಿಸುವಂತಿಲ್ಲ, ಅದು ಕೆಲಸದ ಭಾಗವಾಗಿದ್ದರೆ ಮಾತ್ರ ಪರಿಗಣಿಸಬಹುದು. ಮನೆಯಲ್ಲಿ ನೋಡುವವನು ರಿಮೋಟ್ ಒತ್ತಿ ಏಳಬಹುದು, ಸಂಬಳಕ್ಕೆ ನೋಡುವವನು ಏಳುವಂತಿಲ್ಲ. ಡೆಸ್ಕಿನವರು ಎಸಿಯಲ್ಲಿ ಆರಾಮಾಗಿರುತ್ತಾರೆ ಎನ್ನುವ ಫೀಲ್ಡಿನ ಗೆಳೆಯರು ಇದನ್ನು ಗಮನಿಸಬೇಕು.

ಇನ್ನೊಂದು ಭಾರವಿದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಸುದ್ದಿಯಲ್ಲಿ ಮಗುವಿನ ಗುರುತು ಬಿಟ್ಟುಕೊಡುವಂತಿಲ್ಲ. ಪೋಕ್ಸೊ ಕಾಯ್ದೆಯ 23ನೇ ಕಲಂ ಅದನ್ನು ನಿಷೇಧಿಸುತ್ತದೆ. ಹೆಸರಿಲ್ಲ, ಶಾಲೆಯಿಲ್ಲ, ಊರಿನ ಸುಳಿವಿಲ್ಲ. ಇದು ಇರಲೇಬೇಕಾದ ಕಾನೂನು. ಆದರೆ ವರದಿಗಾರ್ತಿ ದೂರಿನ ಪ್ರತಿ ಪೂರ್ತಿ ಓದಿರುತ್ತಾಳೆ, ಆ ತಾಯಿಯ ಜೊತೆ ಠಾಣೆಯ ಬೆಂಚಿನ ಮೇಲೆ ಕೂತಿರುತ್ತಾಳೆ. ಅಚ್ಚಾಗುವುದು ಹನ್ನೆರಡು ಸಾಲು. ಮಿಕ್ಕದ್ದನ್ನು ಬರೆಯುವಂತಿಲ್ಲ, ಮನೆಗೆ ಹೋಗಿ ಹೇಳುವಂತಿಲ್ಲ. ಹೆಣ್ಣುಮಕ್ಕಳ ವಿಷಯ ಹೆಣ್ಣುಮಕ್ಕಳೇ ನೋಡಿಕೊಳ್ಳಲಿ ಎಂದು ಇಂಥ ಪ್ರಕರಣಗಳನ್ನೆಲ್ಲ ಒಬ್ಬಳಿಗೇ ಹಚ್ಚುವ ಬ್ಯೂರೋಗಳೂ ಇವೆ.

ಇಲ್ಲಿ ವಾಟ್ಸ್ಯಾಪ್‌ನಲ್ಲಿ ಮತ್ತೆ ಮತ್ತೆ ಬರುವ ಒಂದು ಕಥೆಯ ಪ್ರಸ್ತಾಪ ಮಾಡಬೇಕು. ದಕ್ಷಿಣ ಆಫ್ರಿಕಾದ ಕೆವಿನ್ ಕಾರ್ಟರ್ 1993ರಲ್ಲಿ ಸೂಡಾನ್‌ನ ಬರಗಾಲದಲ್ಲಿ ತೆಗೆದ ಚಿತ್ರ: ಕುಸಿದು ಕೂತ ಮಗು, ಹಿಂದೆ ರಣಹದ್ದು. ಅಲ್ಲಿ ಎರಡು ಹದ್ದುಗಳಿದ್ದವು, ಎರಡನೆಯದರ ಕೈಯಲ್ಲಿ ಕ್ಯಾಮೆರಾ ಇತ್ತು ಎಂದು ಆ ಕಥೆ ನೀತಿ ಹೇಳುತ್ತದೆ. ಕಾರ್ಟರ್ ಹದ್ದನ್ನು ಓಡಿಸಿದ್ದ, ಪಕ್ಕದಲ್ಲೇ ಅನ್ನ ಹಂಚುವ ಕೇಂದ್ರವಿತ್ತು, ಆ ಮಗು ಆ ಬರದಲ್ಲಿ ಸಾಯಲಿಲ್ಲವೆಂದು ಎಷ್ಟೋ ವರ್ಷಗಳ ಮೇಲೆ ತಿಳಿದುಬಂತು ಎಂಬುದನ್ನು ಕಥೆ ಹೇಳುವುದಿಲ್ಲ. 1994ರ ಏಪ್ರಿಲ್‌ನಲ್ಲಿ ಅವನಿಗೆ ಪುಲಿಟ್ಜರ್ ಪ್ರಶಸ್ತಿ ಬಂತು. ಅದೇ ತಿಂಗಳು ಅವನ ಜೊತೆಗಾರ ಛಾಯಾಗ್ರಾಹಕ ಕೆನ್ ಊಸ್ಟರ್‌ಬ್ರೂಕ್ ಗುಂಡೇಟಿಗೆ ಬಲಿಯಾದ. ಜುಲೈನಲ್ಲಿ, 33ನೇ ವಯಸ್ಸಿನಲ್ಲಿ, ಕಾರ್ಟರ್ ತನ್ನ ಜೀವ ತಾನೇ ಕಳೆದುಕೊಂಡ. ವರ್ಷಗಟ್ಟಲೆ ತನ್ನ ದೇಶದ ಬೀದಿಗಳಲ್ಲಿ ಕೊಲೆಗಳನ್ನು ಕಂಡವನು, ಸಾಲದಲ್ಲಿದ್ದವನು, ಮಾದಕ ವಸ್ತುವಿಗೆ ಬಿದ್ದವನು. ಒಂದು ಫೋಟೊದ ಪಾಪಪ್ರಜ್ಞೆಗೆ ಇದೆಲ್ಲವನ್ನೂ ಕಟ್ಟಿಹಾಕಿ ನಾವು ನೀತಿಕಥೆ ಮಾಡಿಕೊಂಡಿದ್ದೇವೆ. ಹದ್ದು ಎಂದು ಕರೆಸಿಕೊಳ್ಳುವುದು ಕ್ಯಾಮೆರಾ ಹಿಡಿದವರ ಪಾಲಿಗೆ ಇನ್ನೊಂದು ಏಟು.

ಹಾಗೆಂದು ಮಾಧ್ಯಮದವರ ಒರಟುತನ ಸುಳ್ಳೇ? ಅಲ್ಲ. ಮಗನನ್ನು ಕಳೆದುಕೊಂಡ ತಾಯಿಯ ಬಾಯಿಗೆ ಮೈಕ್ ಹಿಡಿದು 'ನಿಮಗೆ ಏನನ್ನಿಸ್ತಿದೆ?' ಎಂದು ಕೇಳುವುದನ್ನು ನೀವು ನೋಡಿದ್ದೀರಿ, ಬೈದಿದ್ದೀರಿ. ಬೈದದ್ದು ನ್ಯಾಯವೇ. ಆ ಪ್ರಶ್ನೆಯ ಹಿಂದೆ ಬೈಟ್ ಬೇಕೆಂದು ಇಯರ್‌ಫೋನಿನಲ್ಲಿ ಕೂಗುವವರೂ ಇರುತ್ತಾರೆ, ಅದು ನಿಜ. ಆದರೆ ಇದನ್ನೂ ಯೋಚಿಸಿ: ಮನಸ್ಸು ಗಟ್ಟಿ ಮಾಡಿಕೊ ಎಂದು ಹತ್ತು ವರ್ಷ ಪಾಠ ಹೇಳಿಸಿಕೊಂಡವನು ಕೇಳಬಹುದಾದ ಪ್ರಶ್ನೆಯೇ ಅದು. ತನ್ನೊಳಗಿನ ಅಳುಕನ್ನು ಕೊಂದುಕೊಂಡವನಿಗೆ ಎದುರಿನವರ ಅಳುಕು ಕಾಣುವುದಿಲ್ಲ. ನಾವು ಮೆಚ್ಚುವ ಗಟ್ಟಿತನ, ನಾವು ಹಳಿಯುವ ಒರಟುತನ ಎರಡೂ ಒಂದೇ ಬೇರಿನವು. ಪತ್ರಕರ್ತರ ಮನಸ್ಸಿನ ಆರೋಗ್ಯ ಅವರ ಮನೆಯ ವಿಷಯವಷ್ಟೇ ಅಲ್ಲ ಎಂದು ನಾನು ಹೇಳುವುದು ಇದಕ್ಕೇ. ಕಲ್ಲಾದವರು ತರುವ ಸುದ್ದಿ ನಮ್ಮನ್ನೂ ಕಲ್ಲಾಗಿಸುತ್ತದೆ.

ಮನಸ್ಸು ಕಲಕಿದರೆ ವರದಿ ಕೆಡುತ್ತದೆ ಎಂಬ ಹೆದರಿಕೆಗೆ ಬಾನುಲಿಯ ಚರಿತ್ರೆಯಲ್ಲೇ ಉತ್ತರವಿದೆ. 1937ರ ಮೇ 6ರಂದು ಷಿಕಾಗೊ ರೇಡಿಯೊ ಕೇಂದ್ರವೊಂದರ ಹರ್ಬರ್ಟ್ ಮಾರಿಸನ್ ಎಂಬ ವರದಿಗಾರ ಹಿಂಡನ್‌ಬರ್ಗ್ ಎಂಬ ಜರ್ಮನ್ ವಾಯುನೌಕೆ ನ್ಯೂಜೆರ್ಸಿಯಲ್ಲಿ ಇಳಿಯುವುದನ್ನು ಧ್ವನಿಮುದ್ರಿಸಿಕೊಳ್ಳಲು ಹೋಗಿದ್ದರು. ಅವರು ವರ್ಣಿಸುತ್ತಿದ್ದಂತೆಯೇ ಅದಕ್ಕೆ ಬೆಂಕಿ ಹತ್ತಿತು, ಒಂದು ನಿಮಿಷದೊಳಗೆ ಉರಿದು ನೆಲಕ್ಕೆ ಬಿತ್ತು. 36 ಮಂದಿ ಸತ್ತರು. ಮಾರಿಸನ್ ಅತ್ತರು, ಮಾತು ನಿಲ್ಲಿಸಿದರು, ಸುಧಾರಿಸಿಕೊಂಡು ಮತ್ತೆ ಮುಂದುವರಿಸಿದರು. ಮರುದಿನ ಪ್ರಸಾರವಾದ ಆ ದನಿಯನ್ನು ಜಗತ್ತು ಇಂದಿಗೂ ಕೇಳುತ್ತಿದೆ. ಅವರು ಅತ್ತದ್ದರಿಂದ ಒಂದು ಸಂಗತಿಯೂ ಸುಳ್ಳಾಗಲಿಲ್ಲ.

ಈಗ ಮಾಡಬೇಕಾದ್ದೇನು? ಬಾವಿಗೆ ಇಳಿಯುವವನಿಗೆ ಧೈರ್ಯವಾಗಿರು ಎಂದಷ್ಟೇ ಹೇಳಿ ಯಾರೂ ಕಳಿಸುವುದಿಲ್ಲ, ಮೇಲೆ ಹಗ್ಗ ಹಿಡಿದು ಒಬ್ಬರು ನಿಂತಿರುತ್ತಾರೆ. ಸುದ್ದಿಮನೆಯಲ್ಲಿ ಹಗ್ಗ ಹಿಡಿಯುವವರು ಯಾರು ಎಂಬುದು ಪ್ರಶ್ನೆ. ಆಸ್ಟ್ರೇಲಿಯಾದ ನ್ಯಾಯಾಲಯವೊಂದು ಅದಕ್ಕೆ ನೇರವಾಗಿ ಉತ್ತರ ಕೊಟ್ಟಿದೆ. ಮೆಲ್ಬರ್ನ್‌ನ 'ದಿ ಏಜ್' ಪತ್ರಿಕೆಯಲ್ಲಿ ವರ್ಷಾನುಗಟ್ಟಲೆ ಕೊಲೆ, ಅಪರಾಧಗಳ ವರದಿ ಮಾಡಿ ಮನಸ್ಸು ಕೆಟ್ಟ ವರದಿಗಾರ್ತಿಯೊಬ್ಬರು ಮೊಕದ್ದಮೆ ಹೂಡಿದರು. ತನ್ನಿಂದ ಆಗುತ್ತಿಲ್ಲವೆಂದು ಹೇಳಿಕೊಂಡಿದ್ದರೂ ಅವರನ್ನು ಆಮೇಲೆ ಕೋರ್ಟ್ ವರದಿಗೆ ಹಾಕಲಾಗಿತ್ತು. 2019ರಲ್ಲಿ ನ್ಯಾಯಾಲಯ ಅವರಿಗೆ 1,80,000 ಆಸ್ಟ್ರೇಲಿಯನ್ ಡಾಲರ್ ಪರಿಹಾರ ಕೊಡಿಸಿತು. ನೌಕರರ ಮನಸ್ಸಿಗೆ ಆಗಬಹುದಾದ ಹಾನಿಯನ್ನು ತಡೆಯುವುದು ಸಂಸ್ಥೆಯ ಹೊಣೆ ಎಂದು ಇದರಿಂದ ಗಟ್ಟಿಯಾಯಿತು.

ನಮ್ಮಲ್ಲಿ ಕೋರ್ಟಿಗೆ ಹೋಗುವವರೆಗೆ ಕಾಯಬೇಕಾಗಿಲ್ಲ. ಕೆಲವಕ್ಕೆ ದುಡ್ಡೂ ಬೇಕಾಗಿಲ್ಲ. ಎರಡು ದಿನ ಶವಾಗಾರದ ಮುಂದೆ ನಿಂತವರನ್ನು ಮೂರನೆಯ ದಿನ ಬೇರೆ ಕೆಲಸಕ್ಕೆ ಹಾಕುವುದು. 'ಇದು ನನ್ನಿಂದಾಗದು' ಎಂದವರ ಬೀಟ್ ಕಸಿದುಕೊಳ್ಳದಿರುವುದು. ಆಫೀಸ್ ಗ್ರೂಪಿಗೆ ಭೀಕರ ವಿಡಿಯೊ ಹಾಕುವ ಮುಂಚೆ ಅದರಲ್ಲಿ ಏನಿದೆಯೆಂದು ಒಂದು ಸಾಲು ಬರೆಯುವುದು. ಎಡಿಟ್ ಮಾಡುವವರು ದನಿ ಬೇಡದ ಕಡೆ ಮ್ಯೂಟ್ ಮಾಡಿ, ಕಿಟಕಿಯನ್ನು ಚಿಕ್ಕದು ಮಾಡಿ ನೋಡುವುದು, ಒಬ್ಬರು ನೋಡಿ ಮುಗಿಸಿದ್ದನ್ನು ಇನ್ನೊಬ್ಬರು ಸುಮ್ಮನೆ ನೋಡದಿರುವುದು. ದುರಂತದ ಜಾಗದಿಂದ ವಾಪಸಾದವರಿಗೆ ಕಾಪಿ ಎಷ್ಟು ಹೊತ್ತಿಗೆ ಎಂಬುದಕ್ಕಿಂತ ಮೊದಲು ಊಟವಾಯಿತೇ ಎಂದು ಕೇಳುವುದು. ಹಾಗೆಂದು ಏನೇನು ನೋಡಿದೆ, ಎಲ್ಲ ಹೇಳು ಎಂದು ಪೀಡಿಸುವುದೂ ಸಲ್ಲ. ಆಗಿಂದಾಗಲೇ ಒತ್ತಾಯದಿಂದ ಹೇಳಿಸುವುದರಿಂದ ಉಪಯೋಗವಿಲ್ಲವೆಂದು ವೈದ್ಯರೇ ಹೇಳುತ್ತಾರೆ. ಅವರಿಗೆ ಹೇಳಬೇಕೆನಿಸಿದ ದಿನ ಕೇಳುವ ಒಬ್ಬರು ಇದ್ದರೆ ಸಾಕು. ಜಿಲ್ಲೆಯಲ್ಲಿ ಒಂಟಿಯಾಗಿ ದುಡಿಯುವ ಅರೆಕಾಲಿಕ ವರದಿಗಾರರಿಗೂ ಇಷ್ಟು ಸಲ್ಲಬೇಕು. ಪತ್ರಿಕೋದ್ಯಮ ವಿಭಾಗಗಳು ಶಿರೋನಾಮೆ ಕೊಡುವುದನ್ನು ಕಲಿಸುವಂತೆ ಇದನ್ನೂ ಒಂದು ಪಾಠವಾಗಿ ಕಲಿಸಬೇಕು.

ಈ ಮಾತು ಕೇಳುತ್ತಿರುವ ಪತ್ರಕರ್ತ ಮಿತ್ರರಿಗೆ: ನಿದ್ದೆ ಹತ್ತದೆ ವಾರಗಳಾಗಿದ್ದರೆ, ಕಂಡದ್ದೇ ಕಣ್ಣಮುಂದೆ ಬರುತ್ತಿದ್ದರೆ, ಬದುಕೇ ಬೇಡವೆನಿಸಿದ್ದರೆ ತಡಮಾಡಬೇಡಿ. ಟೆಲಿ ಮಾನಸ್ ಸಹಾಯವಾಣಿಯ ನಂಬರ್ 14416. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಈ ಸೇವೆಗೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನವಿದೆ. ಪತ್ರಕರ್ತರಲ್ಲದ ಕೇಳುಗರೂ ಈ ನಂಬರ್ ಬರೆದಿಟ್ಟುಕೊಳ್ಳಬಹುದು.

ಸಂಪಾದಕರಿಗೆ ಒಂದೇ ಬಿನ್ನಹ. ನಾಳೆಯ ಡ್ಯೂಟಿ ಪಟ್ಟಿ ಇವತ್ತು ಸಂಜೆಯ ಮೀಟಿಂಗಿನಲ್ಲಿ ತಯಾರಾಗುತ್ತದೆ. ಶವಾಗಾರಕ್ಕೆ ಈ ವಾರ ಯಾರನ್ನು ಎಷ್ಟು ಸಲ ಕಳಿಸಿದ್ದೇವೆಂದು ಒಮ್ಮೆ ಎಣಿಸಿ ನೋಡಿ. ಒಂದೇ ಹೆಸರು ಮತ್ತೆ ಮತ್ತೆ ಕಂಡರೆ ಅದನ್ನು ಬದಲಿಸಿ.